ಜೂನ್ 21ರ ನೆರಳು ದಕ್ಷಿಣಕ್ಕೆ: ಮಕ್ಕಳಿಗೆ ತೋರಿಸುವುದು ಹೇಗೆ?

ಮೊಬೈಲಿನಲ್ಲಿ ಯುರೋಪಿನ ಚಿತ್ರಗಳನ್ನು ನೋಡಿ, ಜೂನ್ 21ರಂದು ಮಕ್ಕಳ ತಲೆಗೆ ಹೂವಿನ ಕಿರೀಟ ಕಟ್ಟಿ, ಒದ್ದೆ ಸೌದೆಗೆ ಬೆಂಕಿ ಹಚ್ಚಲು ಹೆಣಗುವವರನ್ನು ನೋಡಿದ್ದೇನೆ. ಅಲ್ಲಿ ಅದು ನಡುಬೇಸಿಗೆ. ಮಲೆನಾಡಿನಲ್ಲಿ ಮೃಗಶಿರಾ ಮಳೆ ಮುಗಿದು ಆರಿದ್ರಾ ಹಿಡಿಯುವ ಹೊತ್ತು. ‘ವರ್ಷದ ಅತಿ ದೊಡ್ಡ ಹಗಲು’ ಎಂದರೂ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ಶಿವಮೊಗ್ಗದಲ್ಲಿ ಆ ಹಗಲು 13 ಗಂಟೆಗೆ ತುಸು ಕಡಿಮೆ, ಡಿಸೆಂಬರಿನ ಅತಿ ಚಿಕ್ಕ ಹಗಲಿಗಿಂತ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಹೆಚ್ಚು, ಅಷ್ಟೇ. ನಮ್ಮಲ್ಲಿ ನೋಡಬೇಕಾದದ್ದು ನಡುಹಗಲನ್ನು. ಆಗ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಲಂಡನ್ನಿನ ಮಕ್ಕಳು ತಮ್ಮೂರಿನಲ್ಲಿ ಇದನ್ನು ಎಂದೂ ನೋಡಲಾರರು.

ಅಂಗಳದಲ್ಲಿ ಒಂದು ಕೋಲು ನಿಲ್ಲಿಸಿ ಅದರ ನೆರಳಿಗೆ ಗುರುತು ಹಾಕಿದರೆ ಮಕ್ಕಳಿಗೆ ಇದು ಕಾಣುತ್ತದೆ. ದಿನ ಆರಿಸಲು ತಲೆಕೆಡಿಸಿಕೊಳ್ಳಬೇಡಿ. ಜೂನ್ 14ರಿಂದ 28ರೊಳಗೆ ಯಾವ ದಿನ ಹೊಳವಾದರೂ, ಎಂದರೆ ಮಳೆ ಬಿಟ್ಟು ಬಿಸಿಲು ಬಂದರೂ, ಆದೀತು. ಆ ಎರಡು ವಾರ ನಡುಹಗಲಿನ ಸೂರ್ಯ ಹೆಚ್ಚು ಕಡಿಮೆ ನಿಂತಲ್ಲೇ ನಿಂತಿರುತ್ತಾನೆ, ಒಂದು ಮೀಟರ್ ಕೋಲಿನ ನೆರಳಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ವ್ಯತ್ಯಾಸವಾದರೆ ಹೆಚ್ಚು. ಭಾನುವಾರವಾದರೆ ಶಾಲೆಯ ಗೊಡವೆಯೂ ಇಲ್ಲ.

ಹೆಚ್ಚಿನವರು ಎಡವುವುದು ಕೋಲು ನಿಲ್ಲಿಸುವಲ್ಲಿ. ಮಳೆ ಕುಡಿದ ಅಂಗಳದಲ್ಲಿ ನೆಟ್ಟ ಕೋಲು ನೋಡನೋಡುತ್ತಲೇ ವಾಲುತ್ತದೆ, ಅಥವಾ ಯಾವುದೋ ಮಗು ಎಡವಿ ಬೀಳಿಸುತ್ತದೆ. ಉದ್ದ ಹೆಚ್ಚಿದಷ್ಟೂ ಒಳ್ಳೆಯದೆಂದು ಬಿದಿರಿನ ಗಳ ಎತ್ತಿ ನಿಲ್ಲಿಸುವವರೂ ಇದ್ದಾರೆ. ಅದರ ನೆರಳಿನ ತುದಿ ಮಸುಕಾಗಿ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಎರಡಡಿ ಅಗಲದ ಹಲಗೆಯ ನಡುವೆ, ಅಡಿಯಿಂದ ಮೊಳೆ ಹೊಡೆದು, ಒಂದು ಮೀಟರಿನ ನೇರವಾದ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ನಿಲ್ಲಿಸಿ. ಹಲಗೆಗೆ ಮೊದಲೇ ಸುಣ್ಣ ಬಳಿದಿದ್ದರೆ ತೆಳುಮೋಡದ ಮಬ್ಬು ನೆರಳೂ ಕಾಣುತ್ತದೆ. ಹಲಗೆ ಮಟ್ಟವಾಗಿದೆಯೇ ಎಂದು ನೋಡುವ ಕೆಲಸ ಮಕ್ಕಳಿಗೆ ಬಿಡಿ: ಗೋಲಿ ಇಟ್ಟರೆ ಉರುಳಬಾರದು. ದಬ್ಬೆ ನೇರವಿದೆಯೇ ಎಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಎರಡು ಬದಿಯಿಂದ ನೋಡಿ, ಒಂದು ಬದಿ ಸಾಲದು. ಒಂದೇ ಡಿಗ್ರಿ ವಾಲಿದರೂ ನೆರಳಿನ ತುದಿ ಒಂದೂಮುಕ್ಕಾಲು ಸೆಂಟಿಮೀಟರ್ ಸರಿಯುತ್ತದೆ. ಒಟ್ಟು ನೆರಳೇ ಸುಮಾರು 17 ಸೆಂಟಿಮೀಟರ್ ಎಂಬುದು ನೆನಪಿರಲಿ.

ಎರಡನೆಯ ಎಡವಟ್ಟು ಗಡಿಯಾರದ್ದು. ಹನ್ನೆರಡಕ್ಕೆ ಗುರುತು ಹಾಕಿ ‘ನಡುಹಗಲು ಆಯಿತು’ ಎಂದು ಎದ್ದುಹೋಗುತ್ತಾರೆ. ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕಿರುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಶಿವಮೊಗ್ಗದಲ್ಲಿ ಆಗ ಸೂರ್ಯನ ನಡುಹಗಲು ಸುಮಾರು 12.30ಕ್ಕೆ, ಸಾಗರ, ತೀರ್ಥಹಳ್ಳಿಯಲ್ಲಿ ಒಂದೆರಡು ನಿಮಿಷ ತಡ. ಆ ಹೊತ್ತಿಗೇ ಮೋಡ ಕವಿದರೆ? ಕವಿಯುತ್ತದೆ. ಅದಕ್ಕಾಗಿಯೇ ದಬ್ಬೆಯ ಬುಡವನ್ನು ಕೇಂದ್ರವಾಗಿಟ್ಟು ಎರಡು ಮೂರು ವೃತ್ತ ಬರೆದಿಡಿ, ಹೊರಗಿನದು 25 ಸೆಂಟಿಮೀಟರ್ ತ್ರಿಜ್ಯದ್ದಿರಲಿ. ನೆರಳಿನ ತುದಿ ಆ ವೃತ್ತವನ್ನು ಹನ್ನೊಂದೂಮುಕ್ಕಾಲರ ಸುಮಾರಿಗೆ ಒಮ್ಮೆ, ಒಂದೂಕಾಲರ ಸುಮಾರಿಗೆ ಇನ್ನೊಮ್ಮೆ ಮುಟ್ಟುತ್ತದೆ. ಎರಡೂ ಕಡೆ ಪೆನ್ಸಿಲಿನಿಂದ ಚುಕ್ಕಿ ಇಟ್ಟು ಗೆರೆ ಎಳೆದರೆ, ಬುಡದಿಂದ ಅದರ ಮಧ್ಯಕ್ಕೆ ಇರುವುದೇ ದಕ್ಷಿಣ. ಶಂಕುವಿನಿಂದ, ಎಂದರೆ ನೆಟ್ಟ ಕೋಲಿನಿಂದ, ದಿಕ್ಕು ಹಿಡಿಯುವ ಈ ಕ್ರಮ ಯಜ್ಞವೇದಿಗಳ ಅಳತೆ ಹೇಳುವ ಪ್ರಾಚೀನ ಶುಲ್ಬಸೂತ್ರಗಳಲ್ಲಿಯೇ ಇದೆ. ಬಳಪ ಬೇಡ, ಒಂದು ಹನಿಗೆ ಅಳಿಸಿಹೋಗುತ್ತದೆ. ಮೊಬೈಲಿನ ದಿಕ್ಸೂಚಿಯೂ ಬೇಡ, ಕವರಿನಲ್ಲಿ ಅಯಸ್ಕಾಂತವಿದ್ದರೆ ಅದು ಎತ್ತಲೋ ತೋರಿಸುತ್ತದೆ. ಸೂರ್ಯನನ್ನು ನೋಡಲೆಂದು ಜಾತ್ರೆಯಲ್ಲಿ ಮಾರುವ ಕಪ್ಪು ಕನ್ನಡಕವನ್ನಂತೂ ಕೊಡಲೇಬೇಡಿ. ಮಕ್ಕಳು ನೋಡಬೇಕಾದದ್ದು ನೆಲವನ್ನು, ಆಕಾಶವನ್ನಲ್ಲ.

ಹಲಗೆಯನ್ನು ತೆಗೆದಿಡಿ. ಡಿಸೆಂಬರ್ 22ರ ನಡುಹಗಲಿಗೆ ಇದೇ ದಬ್ಬೆಯ ನೆರಳು ಉತ್ತರಕ್ಕೆ ಸುಮಾರು 76 ಸೆಂಟಿಮೀಟರ್ ಚಾಚಿ ಹಲಗೆ ದಾಟಿ ನೆಲಕ್ಕಿಳಿಯುತ್ತದೆ. ಜೂನ್ 21ಕ್ಕೇ ದಕ್ಷಿಣಾಯನ ಶುರುವಾಯಿತೆಂದು ಮೊಮ್ಮಕ್ಕಳು ಹೇಳಿದರೆ ಅಜ್ಜ ಒಪ್ಪಲಿಕ್ಕಿಲ್ಲ. ಪಂಚಾಂಗದ ದಕ್ಷಿಣಾಯನ ಜುಲೈ ಮಧ್ಯದ ಕರ್ಕಾಟಕ ಸಂಕ್ರಮಣಕ್ಕೆ. ಆ ಜಗಳ ಬಿಡಿಸಲು ಹೋಗಬೇಡಿ.

ಎರಡು ಚುಕ್ಕಿಗಳ ನಡುವಿನ ಒಂದೂವರೆ ಗಂಟೆ ಮಕ್ಕಳನ್ನು ಕೂರಿಸಿಡಲು ಯಾರಿಂದಲೂ ಆಗದು. ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯಲಿ. ಹಲಗೆಯಿಂದ ದೂರ, ಹೊಳೆಯಿಂದ ಇನ್ನೂ ದೂರ. ಅಗ್ಗದ ಪ್ಲಾಸ್ಟಿಕ್ ರೇನ್‌ಕೋಟು ಕಂಕುಳಲ್ಲಿ ಮೊದಲ ದಿನವೇ ಹರಿಯುತ್ತದೆ, ಅದಕ್ಕಿಂತ ತಲೆಯ ಮೇಲಿಂದ ಹೊದೆಯುವ ಕಂಬಳಿಕೊಪ್ಪೆ ಲೇಸು. ತೋಟದ ಅಂಚಿನಲ್ಲಾದರೆ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಉಂಬಳ (ಜಿಗಣೆ) ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಒರೆಸಿ, ಒತ್ತಿ ಹಿಡಿದರೆ ಸಾಕು.

ಬೆಂಕಿ ಬೇಕೇ ಬೇಕೆಂದು ಹಟ ಹಿಡಿದರೆ ಬಚ್ಚಲ ಒಲೆ ಇದೆ. ಕೆಂಡದಲ್ಲಿ ಹಲಸಿನ ಬೀಜ ಸುಡಿ, ಆದರೆ ಪ್ರತಿ ಬೀಜಕ್ಕೂ ಚಾಕುವಿನಿಂದ ಒಂದು ಗೀರು ಹಾಕಿ. ಇಲ್ಲದಿದ್ದರೆ ಸಿಡಿದು ಮುಖಕ್ಕೆ ಬರುತ್ತದೆ.