ಕರಟದ ಕೆಳಗೆ ಐದು ಬೀಜ

ಹುಣಸೆ ಬೀಜ ಕೈಗೆ ಕೊಟ್ಟರೆ ಸಾಕು, ಮಕ್ಕಳು ಕೂಡುವ ಲೆಕ್ಕ ಕಲಿತುಬಿಡುತ್ತಾರೆ ಎಂದುಕೊಂಡಿದ್ದೆ. ತಿಪಟೂರು ಕಡೆಯ ಹಳ್ಳಿ ಶಾಲೆ, ನಲಿಕಲಿ ತರಗತಿ ನನ್ನದು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಬೀಜಕ್ಕಂತೂ ಬರವಿಲ್ಲ. ಮನೆಯಿಂದ ಒಂದು ಹಿಡಿ ತನ್ನಿ ಅಂದರೆ ಮರುದಿನ ಡಬ್ಬಿ ತುಂಬುತ್ತದೆ.

ಒಂದು ಕಡೆ ಐದು, ಇನ್ನೊಂದು ಕಡೆ ಮೂರು ಇಡಿಸುತ್ತಿದ್ದೆ. ಸೇರಿಸಿ ಎಣಿಸಿ ಎಂಟು ಅನ್ನುತ್ತಿದ್ದರು. ನನಗೂ ಖುಷಿ. ಎರಡು ವಾರ ಆದಮೇಲೆ ಕಣ್ಣಿಗೆ ಬಿತ್ತು: ಐದನ್ನು ಆಗಷ್ಟೇ ಎಣಿಸಿಟ್ಟ ಮಗುವೂ ಸೇರಿಸಿದ ಮೇಲೆ ಮತ್ತೆ ಒಂದರಿಂದ ಶುರು ಮಾಡುತ್ತಿತ್ತು. ಎಲ್ಲ ಬೀಜ ಎದುರಿಗೇ ಬಿದ್ದಿರುವಾಗ ಎಣಿಸದೆ ಇನ್ನೇನು ಮಾಡುತ್ತೆ, ಅಲ್ವಾ? ಉತ್ತರ ಸರಿ ಬರುತ್ತಿತ್ತು. ಆದರೆ ನಡೆಯುತ್ತಿದ್ದದ್ದು ಬರೀ ಎಣಿಕೆ.

ಆಗ ಕರಟ ತಂದೆ. ನಮ್ಮ ಕಡೆ ಅದಕ್ಕೂ ಕಾಸು ಕೊಡಬೇಕಿಲ್ಲ. ಮಗುವೇ ಐದು ಬೀಜ ಎಣಿಸಿ ಇಡಬೇಕು, ಮೇಲೆ ಕರಟ ಮುಚ್ಚಬೇಕು. ಪಕ್ಕದಲ್ಲಿ ನಾನು ಮೂರು ಇಡುತ್ತೇನೆ. ಒಟ್ಟು ಎಷ್ಟು?

ಒಬ್ಬ ಹುಡುಗ ಕರಟದ ಮೇಲೆ ಬೆರಳಲ್ಲಿ ಐದು ಸಲ ತಟ್ಟಿ, ಆಮೇಲೆ ಹೊರಗಿನದ್ದನ್ನು ಎಣಿಸಿದ. ಕಾಣದ ಬೀಜವನ್ನೂ ಬಿಡಲಿಲ್ಲ! ನಾನು ತಡೆಯಲಿಲ್ಲ. ಇನ್ನು ಕೆಲವರು ಹೊರಗಿನ ಮೊದಲ ಬೀಜಕ್ಕೇ "ಐದು" ಅಂದು, ಏಳಕ್ಕೆ ನಿಲ್ಲಿಸುತ್ತಿದ್ದರು. ಈ ತಪ್ಪು ಬಿಡಿಸೋಕೆ ಜಾಸ್ತಿ ದಿನ ಹಿಡಿಯಿತು. ಕರಟದ ಮೇಲೆ ಅಂಗೈ ಇಟ್ಟು ಜೋರಾಗಿ "ಐದು" ಅನ್ನಬೇಕು, ಕೈ ಎತ್ತಿ ಪಕ್ಕದ ಬೀಜ ಮುಟ್ಟಿದಾಗಲೇ "ಆರು" ಎಂದು ನಿಯಮ ಮಾಡಿದೆ. ಕೈ ನೆನಪಿಟ್ಟುಕೊಂಡಿತು.

ಎರಡಕ್ಕೆ ಏಳು ಕೂಡಿಸುವಾಗ ಒಬ್ಬಳು ಕರಟವನ್ನು ಎರಡರ ಮೇಲಿಂದ ತೆಗೆದು ಏಳರ ಮೇಲೆ ಇಟ್ಟಳು. "ಯಾಕಮ್ಮ?" ಅಂದೆ. "ಹಿಂಗಾದ್ರೆ ಎರಡೇ ಎಣಿಸಬೇಕು ಮಿಸ್" ಅಂದಳು. ನಾನು ಇದನ್ನು ಹೇಳಿಕೊಟ್ಟಿರಲಿಲ್ಲ.

ಹತ್ತು ದಾಟಿದ ಮೇಲೆ ಕರಟ ಅಷ್ಟಾಗಿ ಕೆಲಸಕ್ಕೆ ಬರಲಿಲ್ಲ. ಬಿಸಿಯೂಟಕ್ಕೆ ಮೊಟ್ಟೆ ಬರುವ ಟ್ರೇ ಅಡುಗೆ ಅಕ್ಕನ ಹತ್ತಿರ ರಾಶಿ ಬಿದ್ದಿರುತ್ತದೆ. ಒಂದರಲ್ಲಿ 30 ಗುಳಿ. ಐದೈದರ ಎರಡು ಸಾಲಿನಂತೆ ಕತ್ತರಿಸಿದರೆ ಹತ್ತು ಗುಳಿಯ ಮೂರು ತುಂಡು. ಎಂಟು ಗುಳಿಗೆ ಬೀಜ ಹಾಕಿ, ಕೈಗೆ ಇನ್ನೈದು ಕೊಟ್ಟೆ. ಎರಡು ಗುಳಿ ಖಾಲಿ ಇರುವುದು ಕಾಣುತ್ತಲ್ಲ, ಮಕ್ಕಳಿಗೆ ಅದನ್ನು ತುಂಬದೆ ಇರೋಕೆ ಆಗಲ್ಲ. ತುಂಬಿದರು. ಕೈಯಲ್ಲಿ ಮೂರು ಉಳಿಯಿತು. ತುಂಬಿದ ಟ್ರೇ ಮುಟ್ಟಿ "ಹದಿ", ಕೈ ತೋರಿಸಿ "ಮೂರು" ಅಂದೆ. ಹದಿಮೂರು. ಹದಿನಾಲ್ಕು, ಹದಿನೈದು ತಾವೇ ಹೇಳಿದರು. ಹನ್ನೊಂದು, ಹನ್ನೆರಡಕ್ಕೆ ಸ್ವಲ್ಪ ತಡವರಿಸಿದರು. ಆ ಮಾತೊಳಗೂ ಹತ್ತು ಅಡಗಿದೆ, ಆದರೆ ಅಷ್ಟು ಸುಲಭಕ್ಕೆ ಕಿವಿಗೆ ಸಿಗಲ್ಲ.

ಇಷ್ಟು ದಿನ ಬೋರ್ಡಿನ ಮೇಲೆ 8 + 5 ಬರೆದಿರಲಿಲ್ಲ. ಹಿಂದಿನ ವರ್ಷ ಮೊದಲೇ ಬರೆದು, ಉತ್ತರ 85 ಎಂದು ನೋಡಿ ತಲೆ ಚಚ್ಚಿಕೊಂಡಿದ್ದೆ. ಈ ಸಲ ಕೈಯಲ್ಲಿ ಮಾಡಿದ್ದನ್ನು ಚುಕ್ಕೆ ಇಟ್ಟು ಬರೆಸಿ, ಆಮೇಲೆ ಅಂಕಿ, ಚಿಹ್ನೆ ತಂದೆ.

ಒಂದು ಎಚ್ಚರಿಕೆ. ಒಂದನೇ ತರಗತಿಯ ಪುಟ್ಟನೊಬ್ಬ ಬೀಜವನ್ನು ಮೂಗಿಗೆ ತುರುಕಿಕೊಂಡಿದ್ದ. ಪುಣ್ಯಕ್ಕೆ ಸೀನಿದಾಗ ಹೊರಬಂತು. ಅಂದಿನಿಂದ ಚಿಕ್ಕವರಿಗೆ ನೀರಿನ ಬಾಟಲಿ ಮುಚ್ಚಳವೇ ಗತಿ.

ಕರಟ ತಟ್ಟುವ ಹುಡುಗ ಈಗ ಎರಡನೇ ತರಗತಿ. ಕರಟವಿಲ್ಲದೆಯೂ ಮೇಜಿನ ಮೇಲೆ ತಟ್ಟುತ್ತಾನೆ, ಮೊದಲಿಗಿಂತ ಮೆಲ್ಲಗೆ. ನಾನು ಸುಮ್ನೆ ನೋಡುತ್ತಿರುತ್ತೇನೆ.