ಸಬ್ಸಿಡಿ ಬೇಡ, ರಸ್ತೆ ಕೊಡಿ: ಬಜೆಟ್‌ಗೆ ಮನವಿ ಬರೆದ ನನ್ನ ಅನುಭವ

ಉತ್ತರ ಕರ್ನಾಟಕದ ಒಂದು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಮಷಿನಿಂಗ್ ಘಟಕ ಇದೆ. ಇಲ್ಲಿನ ಕೈಗಾರಿಕಾ ಸಂಘದ ಪರವಾಗಿ ಸರ್ಕಾರಕ್ಕೆ ಮನವಿ ಬರೆಯುವುದು, ಆಮೇಲೆ ಅದರ ಬೆನ್ನು ಹತ್ತುವುದು, ಈ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಬೇರೆ ಊರಿನ ಸಂಘದವರು ಆಗಾಗ ಫೋನ್ ಮಾಡಿ "ನಿಮ್ಮ ಕಡೆ ರಸ್ತೆ ಹೇಗೆ ಮಾಡಿಸಿಕೊಂಡ್ರಿ?" ಅಂತ ಕೇಳುತ್ತಾರೆ. ಎಲ್ಲರಿಗೂ ಒಟ್ಟಿಗೆ ಹೇಳಿದ ಹಾಗಾಗಲಿ ಅಂತ ಬರೆಯುತ್ತಿದ್ದೇನೆ.

ಬಜೆಟ್‌ಗೆ ಮುಂಚೆ ಉದ್ಯಮಿಗಳು ಸರ್ಕಾರದ ಹತ್ತಿರ ಹೋದರೆ ಸಾಮಾನ್ಯವಾಗಿ ಕೇಳುವುದು ರಿಯಾಯಿತಿ. ತೆರಿಗೆ ಬಿಡಿ, ಬಡ್ಡಿ ಸಬ್ಸಿಡಿ ಕೊಡಿ, ಕರೆಂಟ್ ದರ ಇಳಿಸಿ. ಇವೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ, ಕಷ್ಟದ ಕಾಲದಲ್ಲಿ ಬೇಕಾಗುತ್ತದೆ. ಆದರೆ ರಿಯಾಯಿತಿ ಸಿಕ್ಕಿದವನಿಗೆ ಮಾತ್ರ ಸಿಗುತ್ತದೆ, ಕೈಗಾರಿಕಾ ನೀತಿಯ ಅವಧಿ ಮುಗಿದರೆ ಅದೂ ಮುಗಿಯಿತು. ಒಂದು ಸಬ್‌ಸ್ಟೇಷನ್ ಬಂದರೆ ಅದರ ಸುತ್ತ ಇರುವ ಎಲ್ಲರಿಗೂ ಬಂತು, ಮುಂದೆ ಬರುವವರಿಗೂ ಬಂತು. ಅದಕ್ಕೆ ನಮ್ಮ ಸಂಘದಲ್ಲಿ ಒಂದು ತೀರ್ಮಾನ ಮಾಡಿದೆವು. ಬಜೆಟ್ ಮನವಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಲಾಭ ಆಗುವ ಬೇಡಿಕೆ ಇರಬಾರದು. ಸರ್ಕಾರದ ದುಡ್ಡಿನಲ್ಲಿ ಆಗುವ, ಎಲ್ಲರೂ ಬಳಸುವ ಕೆಲಸಗಳನ್ನೇ ಕೇಳಬೇಕು. ಈ ತೀರ್ಮಾನ ಸುಲಭವಾಗಿ ಆಗಲಿಲ್ಲ. ದೊಡ್ಡ ಘಟಕದವರಿಗೆ ತೆರಿಗೆ ವಿಷಯ ಮುಖ್ಯ, ಬಾಡಿಗೆ ಶೆಡ್‌ನಲ್ಲಿ ಇರುವವರಿಗೆ ಜಾಗದ ಚಿಂತೆ. ಸಭೆಯಲ್ಲಿ ಜೋರು ಮಾತುಗಳೇ ಆದವು. ಕೊನೆಗೆ ಎಲ್ಲರೂ ಒಪ್ಪಿದ್ದು ಮೂರಕ್ಕೆ: ಹೆದ್ದಾರಿಯಿಂದ ಬರುವ ಕೂಡುರಸ್ತೆ, ಇನ್ನೊಂದು ವಿದ್ಯುತ್ ಫೀಡರ್ (ಸಬ್‌ಸ್ಟೇಷನ್‌ನಿಂದ ಪ್ರದೇಶಕ್ಕೆ ಬರುವ ಲೈನ್), ಮಳೆನೀರಿನ ಚರಂಡಿ.

ಇದು ನಾವು ಕಂಡುಹಿಡಿದ ದಾರಿ ಅಲ್ಲ, ಈ ರಾಜ್ಯದ ಹಳೇ ದಾರಿ. 1902ರಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ಜಲವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿತು. ಕೊಳ್ಳುವುದಕ್ಕೆ ಗಣಿಯವರು ಮೊದಲೇ ಒಪ್ಪಿಕೊಂಡಿದ್ದರು. ಸರ್ಕಾರ ಬಂಡವಾಳ ಹಾಕಿತು, ಉದ್ಯಮ ಗಿರಾಕಿಯಾಗಿ ನಿಂತಿತು. 1905ಕ್ಕೆ ಅದೇ ಕರೆಂಟು ಬೆಂಗಳೂರಿನ ಬೀದಿಗೆ ಬಂತು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್, ಅಂದರೆ ರಾಜ್ಯದ ವಾಣಿಜ್ಯೋದ್ಯಮಿಗಳ ಈಗಿನ ಮಹಾಸಂಘ ಎಫ್‌ಕೆಸಿಸಿಐ. ಇನ್ನೂ ಈಚೆಗೆ ಬಂದರೆ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜಿಟಿಟಿಸಿ. ಅಲ್ಲಿ ಟೂಲ್ ಅಂಡ್ ಡೈ (ಅಚ್ಚು, ಉಪಕರಣಗಳ ತಯಾರಿಕೆ) ಕಲಿತು ಬಂದ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡವರಿಗೆ ಗೊತ್ತು ಅದರ ಬೆಲೆ ಏನು ಅಂತ. ಸಾರ್ವಜನಿಕ ಹಣ ಸರಿಯಾದ ಜಾಗಕ್ಕೆ ಬಿದ್ದರೆ ಐವತ್ತು ವರ್ಷ ಫಲ ಕೊಡುತ್ತದೆ. ಇದನ್ನು ನಾನು ಮನವಿಯಲ್ಲಿ ಬರೆಯಲಿಲ್ಲ, ಆದರೆ ಸಭೆಗಳಲ್ಲಿ ಹೇಳಿದ್ದೇನೆ.

ಇನ್ನು ಕೆಲಸದ ವಿಷಯ.

ಮೊದಲು ಒಂದು ಪುಟದ ಫಾರಂ ಮಾಡಿ ಎಲ್ಲ ಘಟಕಗಳಿಗೂ ಕೊಟ್ಟೆವು. ಎಷ್ಟು ಜನ ಕೆಲಸಕ್ಕೆ ಇದ್ದಾರೆ, ಮಂಜೂರಾದ ಲೋಡ್ ಎಷ್ಟು, ತಿಂಗಳಿಗೆ ಎಷ್ಟು ಗಂಟೆ ಕರೆಂಟ್ ಹೋಗುತ್ತದೆ, ವಾರಕ್ಕೆ ಎಷ್ಟು ಲಾರಿ ಬಂದು ಹೋಗುತ್ತವೆ, ಕರೆಂಟ್ ಅಥವಾ ರಸ್ತೆ ಕಾರಣಕ್ಕೆ ಯಾವುದಾದರೂ ಆರ್ಡರ್ ಬಿಟ್ಟಿದ್ದೀರಾ, ಇಷ್ಟೇ. ವಹಿವಾಟು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಅದು ಸಹಜ. ಅದಕ್ಕೆ ಹೆಸರು ಬರೆಯಬೇಕಿಲ್ಲ, ವಹಿವಾಟು ಇಷ್ಟರಿಂದ ಇಷ್ಟರೊಳಗೆ ಅಂತ ಟಿಕ್ ಹಾಕಿದರೆ ಸಾಕು ಅಂದೆವು. ಆಗ ಫಾರಂಗಳು ವಾಪಸ್ ಬಂದವು. ಕರೆಂಟ್ ಹೋದರೆ ಮಷಿನ್ ನಿಲ್ಲುತ್ತದೆ, ಅಷ್ಟೇ ಅಲ್ವಾ ಅಂತ ಹೊರಗಿನವರಿಗೆ ಅನಿಸಬಹುದು. ಆದರೆ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಇಂಡಕ್ಷನ್ ಫರ್ನೇಸ್ (ಕರೆಂಟ್‌ನಿಂದ ಲೋಹ ಕರಗಿಸುವ ಕುಲುಮೆ) ಒಳಗೆ ಕರಗಿದ ಲೋಹ ಇರುವಾಗ ಕರೆಂಟ್ ಹೋಗಿ ಬೇಗ ಬರದಿದ್ದರೆ, ಲೋಹ ಅಲ್ಲೇ ಗಟ್ಟಿಯಾಗಿ ಕುಲುಮೆಯ ಒಳಪದರ, ಅಂದರೆ ಲೈನಿಂಗ್ ಹಾಳಾಗುತ್ತದೆ. ಆ ದಿನದ ಮಾಲು ಹೋಯಿತು, ಹೊಸ ಲೈನಿಂಗ್ ಹಾಕುವವರೆಗೆ ಕುಲುಮೆಯೂ ಹೋಯಿತು. ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ ಸಿಎನ್‌ಸಿ ಮಷಿನ್‌ನಲ್ಲಿ ವೋಲ್ಟೇಜ್ ಒಂದು ಕ್ಷಣ ಕುಸಿದರೂ ಕಟ್ಟಿಂಗ್ ಮಧ್ಯದಲ್ಲಿದ್ದ ಪಾರ್ಟ್ ಗುಜರಿಗೆ. ಇದನ್ನೆಲ್ಲ ರೂಪಾಯಿ ಲೆಕ್ಕದಲ್ಲಿ ಕೂಡಿಸಿದಾಗ ನಮಗೇ ಗಾಬರಿಯಾಯಿತು. ಇಡೀ ಪ್ರದೇಶ ಒಂದು ವರ್ಷದಲ್ಲಿ ಕಳೆದುಕೊಳ್ಳುತ್ತಿದ್ದ ಹಣ ಫೀಡರ್ ಎಳೆಯುವ ಖರ್ಚಿಗಿಂತ ಜಾಸ್ತಿ ಇತ್ತು. ಈ ಒಂದು ಹೋಲಿಕೆ ನಮ್ಮ ಮನವಿಯ ಬೆನ್ನೆಲುಬಾಯಿತು.

ಅರ್ಥಶಾಸ್ತ್ರದ ದೊಡ್ಡ ಅಂಕಿಗಳೂ ನಮ್ಮ ಕೈಯಲ್ಲಿದ್ದವು. ಸರ್ಕಾರಿ ಹಣಕಾಸಿನ ಬಗ್ಗೆ ಅಧ್ಯಯನ ಮಾಡುವ ದೆಹಲಿಯ ಎನ್‌ಐಪಿಎಫ್‌ಪಿ ಸಂಸ್ಥೆಯ ವರದಿಯೊಂದು, ಸರ್ಕಾರ ಬಂಡವಾಳ ವೆಚ್ಚಕ್ಕೆ (ರಸ್ತೆ, ಸಬ್‌ಸ್ಟೇಷನ್‌ನಂಥ ಬಾಳಿಕೆ ಬರುವ ಆಸ್ತಿಗೆ) ಹಾಕುವ ಒಂದು ರೂಪಾಯಿಗೆ ಆರ್ಥಿಕತೆಯಲ್ಲಿ 2.45 ರೂಪಾಯಿ ಹುಟ್ಟುತ್ತದೆ ಅಂತ ಅಂದಾಜು ಮಾಡಿದೆ. ಅದನ್ನು ಒಂದು ಸಾಲಿನಲ್ಲಿ ಬರೆದಿದ್ದೆವು. ಆದರೆ ಅಧಿಕಾರಿಗಳು ಬೆರಳಿಟ್ಟು ಓದಿದ್ದು ನಮ್ಮ ಫಾರಂಗಳ ಲೆಕ್ಕವನ್ನು. ದೇಶದ ಅಂಕಿ ಅವರಿಗೆ ಎಲ್ಲಿಯಾದರೂ ಸಿಗುತ್ತದೆ. ನಿಮ್ಮ ಬೀದಿಯ ಅಂಕಿ ನೀವು ಕೊಟ್ಟರೆ ಮಾತ್ರ ಸಿಗುತ್ತದೆ.

ಎರಡನೇ ಕೆಲಸ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಆ ರಸ್ತೆ ಯಾರದು ಅಂತ ಹುಡುಕುವುದು. ಕೈಗಾರಿಕಾ ಪ್ರದೇಶದಲ್ಲಿ ಇದು ಸುಮ್ನೆ ಗೊತ್ತಾಗುವ ವಿಷಯ ಅಲ್ಲ. ಬಡಾವಣೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೆಐಎಡಿಬಿಯದೋ, ಸಣ್ಣ ಕೈಗಾರಿಕೆಗಳ ನಿಗಮ ಕೆಎಸ್‌ಎಸ್‌ಐಡಿಸಿಯದೋ ನೋಡಬೇಕು, ಒಳಗಿನ ರಸ್ತೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ ಕಾಗದ ತೆಗೆಸಬೇಕು, ಗೇಟಿನ ಹೊರಗಿನ ಕೂಡುರಸ್ತೆ ಲೋಕೋಪಯೋಗಿ ಇಲಾಖೆಯದೋ ಪಂಚಾಯತಿಯದೋ ವಿಚಾರಿಸಬೇಕು, ಚರಂಡಿ ನೀರು ಹೋಗಿ ಬೀಳುವ ಹಳ್ಳ ಇನ್ಯಾರದೋ ಆಗಿರುತ್ತದೆ. ತಪ್ಪು ಕಚೇರಿಗೆ ಕೊಟ್ಟ ಮನವಿ ಮೇಜಿಂದ ಮೇಜಿಗೆ ಓಡಾಡಿ ವರ್ಷ ಕಳೆಯುತ್ತದೆ. ನಾವು ನಕ್ಷೆಯ ಮೇಲೆ ಬಣ್ಣ ಹಚ್ಚಿದೆವು, ಒಬ್ಬೊಬ್ಬ ಮಾಲೀಕರಿಗೆ ಒಂದೊಂದು ಬಣ್ಣ. ಆ ನಕ್ಷೆ ನೋಡಿದ ಎಂಜಿನಿಯರ್ ಒಬ್ಬರು ಅದರ ಜೆರಾಕ್ಸ್ ಕೇಳಿ ತೆಗೆದುಕೊಂಡರು.

ಮಾಲೀಕರು ಗೊತ್ತಾದ ಮೇಲೆ ದುಡ್ಡು ಯಾವ ಲೆಕ್ಕ ಶೀರ್ಷಿಕೆಯಿಂದ (ಬಜೆಟ್‌ನಲ್ಲಿ ಒಂದೊಂದು ಬಗೆಯ ಖರ್ಚಿಗೆ ಕೊಟ್ಟಿರುವ ಸಂಖ್ಯೆ) ಬರಬೇಕು ಅನ್ನುವ ಪ್ರಶ್ನೆ. ಹೊಸದಾಗಿ ರಸ್ತೆ ಮಾಡುವುದು, ಅಗಲ ಮಾಡುವುದು 5054ರಲ್ಲಿ ಬರುತ್ತದೆ, ಅದು ಬಂಡವಾಳ ವೆಚ್ಚ. ಗುಂಡಿ ಮುಚ್ಚುವುದು, ನಿರ್ವಹಣೆ 3054ರಲ್ಲಿ. "ನಮ್ಮ ರಸ್ತೆ ಸರಿ ಮಾಡಿಕೊಡಿ" ಅಂತಷ್ಟೇ ಬರೆದರೆ ಅದು ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಎಷ್ಟು ಕಿಲೋಮೀಟರ್, ಎಷ್ಟು ಅಗಲ, ಡಾಂಬರೋ ಕಾಂಕ್ರೀಟೋ, ಎಸ್‌ಆರ್ (ಇಲಾಖೆಯ ದರಪಟ್ಟಿ) ದರದಲ್ಲಿ ಅಂದಾಜು ಎಷ್ಟು, ಇದಿದ್ದರೆ ಇಲಾಖೆ ಅದನ್ನು ತನ್ನ ಪಟ್ಟಿಗೆ ಎತ್ತಿಕೊಳ್ಳಬಹುದು. ನಿವೃತ್ತ ಎಂಜಿನಿಯರ್ ಒಬ್ಬರಿಂದ ಸರ್ವೆ ಮಾಡಿಸಿ, ಕಚ್ಚಾ ಅಂದಾಜುಪಟ್ಟಿಯನ್ನು ಮನವಿಯ ಜತೆ ಲಗತ್ತಿಸಿದೆವು. ಆ ಖರ್ಚು ಸಂಘದ್ದು. ಇಲಾಖೆಯವರು ತಮ್ಮದೇ ಎಸ್ಟಿಮೇಟ್ ಮಾಡಿದರು, ಸರಿಯೇ, ಆದರೆ ಕಡತ ಶುರುವಾಗುವುದಕ್ಕೆ ನಮ್ಮದು ಬೇಕಿತ್ತು.

ಸಮಯದ ಬಗ್ಗೆ ಒಂದು ಮಾತು. ಕರ್ನಾಟಕದ ಬಜೆಟ್ ಮಂಡನೆ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ. ಮುಖ್ಯಮಂತ್ರಿಗಳ ಬಜೆಟ್ ಪೂರ್ವ ಸಭೆಗೆ ಹೋಗಿ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡು ಬಂದರೆ ಆಯಿತು ಅಂದುಕೊಳ್ಳುವವರು ಬಹಳ. ಅಷ್ಟು ಹೊತ್ತಿಗೆ ಇಲಾಖೆಗಳು ತಮ್ಮ ಪ್ರಸ್ತಾವನೆಗಳನ್ನು ಹಣಕಾಸು ಇಲಾಖೆಗೆ ಕಳಿಸಿಯಾಗಿರುತ್ತದೆ. ನಾವು ಮಳೆಗಾಲ ಮುಗಿಯುವ ಹೊತ್ತಿಗೇ ಜಿಲ್ಲಾ ಮಟ್ಟದ ಎಂಜಿನಿಯರ್ ಹತ್ತಿರ, ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರ ಹತ್ತಿರ ಹೋದೆವು. ದಸರಾ ಕಳೆದ ಮೇಲೆ ಉಸ್ತುವಾರಿ ಸಚಿವರು, ಶಾಸಕರು. ಆಡಳಿತ ಪಕ್ಷದವರ ಹತ್ತಿರ ಮಾತ್ರ ಅಲ್ಲ, ವಿರೋಧ ಪಕ್ಷದವರ ಹತ್ತಿರವೂ. ವಿಧಾನಸಭೆಯಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಬಂದರೆ ಸಚಿವರು ಸದನದಲ್ಲೇ ಉತ್ತರ ಕೊಡಬೇಕಾಗುತ್ತದೆ, ಆಗ ಕಡತ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಎಲ್ಲ ಕಡೆಯೂ ಬಂದ ಪ್ರಶ್ನೆ ಒಂದೇ, ದುಡ್ಡೆಲ್ಲಿದೆ? ಇದಕ್ಕೆ ಬಜೆಟ್ ಪುಸ್ತಕ ಓದಿಕೊಂಡೇ ಹೋಗಬೇಕು. 2025-26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ, ಅದರಲ್ಲಿ ಬಂಡವಾಳ ವೆಚ್ಚ 71,336 ಕೋಟಿ. ರಾಜ್ಯದ ವಿತ್ತೀಯ ಹೊಣೆಗಾರಿಕೆ ಕಾಯ್ದೆ 2002ರದ್ದು, ಬೇಕೆಂದಷ್ಟು ಸಾಲ ಎತ್ತುವ ಹಾಗಿಲ್ಲ. ಹಾಗಾಗಿ ಜಾಗ ಇರುವುದು ಎಲ್ಲಿ ಅಂತ ತೋರಿಸಿದರೆ ಮಾತು ಮುಂದೆ ಹೋಗುತ್ತದೆ. ಕೇಂದ್ರ ಸರ್ಕಾರ 2020-21ರಿಂದ ರಾಜ್ಯಗಳಿಗೆ ಬಂಡವಾಳ ಕೆಲಸಗಳಿಗಾಗಿ 50 ವರ್ಷದ ಬಡ್ಡಿರಹಿತ ಸಾಲ ಕೊಡುತ್ತಿದೆ. ಶುರುವಿನಲ್ಲಿ 12,000 ಕೋಟಿ ಇದ್ದದ್ದು 2024-25ಕ್ಕೆ ಎಲ್ಲ ರಾಜ್ಯಗಳಿಗೂ ಸೇರಿ 1.5 ಲಕ್ಷ ಕೋಟಿಯಾಯಿತು. ಇಂಥ ಹಣಕ್ಕೆ ಜಾಗದ ತಕರಾರು ಇಲ್ಲದ, ಅಂದಾಜುಪಟ್ಟಿ ತಯಾರಿರುವ ಕಾಮಗಾರಿಗಳೇ ಬೇಕು. ನಮ್ಮ ಕೂಡುರಸ್ತೆ ಹಾಗಿತ್ತು. ಇನ್ನೊಂದು: ನಿಮ್ಮ ತಾಲ್ಲೂಕು ನಂಜುಂಡಪ್ಪ ಸಮಿತಿ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. 2002ರ ಆ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಹೇಳಿತ್ತು, ಇವತ್ತಿಗೂ ಆ ಪಟ್ಟಿಗೆ ಕಚೇರಿಗಳಲ್ಲಿ ತೂಕ ಇದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿ ಅಡಿ ಬಂದ ಅಭಿವೃದ್ಧಿ ಮಂಡಳಿಯ ಅನುದಾನವೂ ಇದೆ.

ಗ್ಯಾರಂಟಿಗಳನ್ನು ನಿಲ್ಲಿಸಿ ರಸ್ತೆ ಮಾಡಿ ಅಂತ ಬರೆಯಬೇಕು ಎಂದು ನಮ್ಮಲ್ಲೂ ಕೆಲವರು ಹಠ ಹಿಡಿದರು. ಅದೇ ಬಜೆಟ್‌ನಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ ಇಟ್ಟಿದ್ದರು, ಆ ಅಂಕಿ ಎದುರಿಗೇ ಇತ್ತು. ನಾನು ಒಪ್ಪಲಿಲ್ಲ. ನಮ್ಮ ಪ್ರದೇಶದ ಅಸೆಂಬ್ಲಿ, ಪ್ಯಾಕಿಂಗ್ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿದಿದೆ, ದೂರದ ಹಳ್ಳಿಯಿಂದಲೂ ಬರುತ್ತಿದ್ದಾರೆ. ಅವರ ಊಟದ ತಟ್ಟೆ ತೋರಿಸಿ ನಮ್ಮ ರಸ್ತೆ ಕೇಳುವುದು ನನಗೆ ಸರಿ ಕಾಣಲಿಲ್ಲ. ಬದಲಿಗೆ ಶಿಫ್ಟ್ ಬಿಡುವ ಹೊತ್ತಿಗೆ ಬಸ್ ಬರಲಿ ಅಂತ ಕೇಳಿದೆವು. ಬಂಡವಾಳ ವೆಚ್ಚ ಹೆಚ್ಚಾಗಬೇಕು ಅನ್ನುವುದನ್ನು ಅದರ ಸ್ವಂತ ಬಲದ ಮೇಲೆ ವಾದಿಸಬಹುದು.

ಅಧಿಕಾರಿಯೊಬ್ಬರು ಮನವಿ ಪೂರ್ತಿ ಓದಿ ಕೇಳಿದ್ದು ಹೀಗೆ: "ಸರಿ, ಮಾಡಿಕೊಟ್ಟೆವು ಅಂತ ಇಟ್ಕೊಳ್ಳಿ. ಆಮೇಲೆ ನೋಡ್ಕೊಳ್ಳೋರು ಯಾರು?" ಒಳ್ಳೆಯ ಪ್ರಶ್ನೆ. ನಮ್ಮ ಹತ್ತಿರ ಉತ್ತರ ಇತ್ತು.

"ಸರ್, ಬೀದಿ ದೀಪ, ಚರಂಡಿ ಹೂಳು ಎತ್ತೋದು ಸಂಘದ ಜವಾಬ್ದಾರಿ. ಠರಾವು ಮಾಡಿದ್ದೇವೆ, ಪ್ರತಿ ಇಲ್ಲೇ ಇದೆ ನೋಡಿ" ಅಂತ ಕೊಟ್ಟೆವು.

ಜತೆಗೆ ಎಲೆಕ್ಟ್ರಾನಿಕ್ಸ್ ಸಿಟಿಯ ಉದಾಹರಣೆ ಹೇಳಿದೆವು. ಅಲ್ಲಿ 2013ರಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಆಯಿತು, ಆಸ್ತಿ ತೆರಿಗೆಯನ್ನು ಅಲ್ಲೇ ಸಂಗ್ರಹಿಸಿ ಒಂದು ಪಾಲನ್ನು ಪಂಚಾಯತಿಗಳಿಗೆ ಕೊಟ್ಟು ಉಳಿದದ್ದನ್ನು ಅಲ್ಲಿಗೇ ಖರ್ಚು ಮಾಡುತ್ತಾರೆ. ಸಣ್ಣ ಊರಿನ ಕೈಗಾರಿಕಾ ಪ್ರದೇಶಗಳಲ್ಲಿ ಇನ್ನೂ ನಿರ್ವಹಣಾ ಶುಲ್ಕ ಒಂದು ಕಡೆ, ಆಸ್ತಿ ತೆರಿಗೆ ಇನ್ನೊಂದು ಕಡೆ ಕಟ್ಟಿ ಎರಡೂ ಕಡೆಯಿಂದ ಕೆಲಸ ಆಗದೆ ಕೂತಿರುವವರು ಇದ್ದಾರೆ. ಇದು ನನಗೆ ಬಹಳ ಬೇಸರದ ವಿಷಯ. ಕಟ್ಟಿದ ತೆರಿಗೆ ಕಣ್ಣೆದುರು ಖರ್ಚಾದರೆ ಇನ್ನೂ ಜಾಸ್ತಿ ಕಟ್ಟಲು ಜನ ತಯಾರಿರುತ್ತಾರೆ, ನಮ್ಮ ಸಂಘದಲ್ಲೇ ನೋಡಿದ್ದೇನೆ.

ಇನ್ನೊಂದು ನಿಯಮವನ್ನು ಮೊದಲೇ ಮಾಡಿಕೊಂಡಿದ್ದೆವು. ನಾವು ಕೇಳುವ ಕಾಮಗಾರಿಯ ಟೆಂಡರ್‌ಗೆ ಸಮಿತಿಯ ಯಾರೂ, ಅವರ ಮನೆಯವರೂ ಅರ್ಜಿ ಹಾಕಬಾರದು. ಟೆಂಡರ್ ಪಾರದರ್ಶಕತೆಗೆ 1999ರ ಕಾಯ್ದೆಯೇ ಇದೆ, ಆದರೆ ಈ ನಿಯಮ ಕಾಯ್ದೆಗಾಗಿ ಅಲ್ಲ. ಕೇಳುವವನೇ ಗುತ್ತಿಗೆದಾರನಾದರೆ ಮುಂದಿನ ಸಲ ಯಾರೂ ಒಳಗೆ ಬಿಡುವುದಿಲ್ಲ. ಯಾರಿಗೂ ಏನೂ ಕೊಡಬಾರದು ಅನ್ನುವುದೂ ಇತ್ತು. ಕೆಲವು ಕಡೆ ಇದರಿಂದ ತಡವಾಯಿತು, ಆಗಲಿ.

ಬಜೆಟ್‌ನಲ್ಲಿ ಹೆಸರು ಬಂದ ದಿನ ಸಂಘದಲ್ಲಿ ಸಿಹಿ ಹಂಚಿದರು. ನಿಜವಾದ ಓಡಾಟ ಶುರುವಾಗಿದ್ದು ಮಾರನೆಯ ದಿನದಿಂದ. ಸರ್ಕಾರಿ ಆದೇಶ ಆಗಬೇಕು, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಒಂದೊಂದೂ ಒಂದೊಂದು ಮೇಜು. ಮಾರ್ಚ್ 31ರೊಳಗೆ ಖರ್ಚಾಗದ ಅನುದಾನ ವಾಪಸ್ ಹೋಗುತ್ತದೆ. ಕಡತ ಎಲ್ಲಿದೆ ಅಂತ ವಾರಕ್ಕೊಮ್ಮೆ ವಿಚಾರಿಸಲು ಯುವ ಸದಸ್ಯರೊಬ್ಬರನ್ನು ನೇಮಿಸಿದೆವು. ಒಂದು ಹಂತದಲ್ಲಿ ತುಂಬಾ ದಿನ ಕದಲದೆ ಇದ್ದಾಗ ಮಾಹಿತಿ ಹಕ್ಕು ಅರ್ಜಿ ಹಾಕಿದೆವು, ಜಗಳಕ್ಕಲ್ಲ, ಯಾವ ಕಾಗದ ಬಾಕಿ ಇದೆ ತಿಳಿಯಲಿಕ್ಕೆ. ಬಾಕಿ ಇದ್ದದ್ದು ಒಂದು ಜಂಟಿ ಸರ್ವೆ ವರದಿ. ಅದನ್ನು ಮಾಡಿಸಿದ ಮೇಲೆ ಮುಂದೆ ಹೋಯಿತು.

ರಸ್ತೆ ಆಯಿತು. ಉದ್ದದ ಟ್ರೇಲರ್‌ಗಳು ಈಗ ಗೇಟಿನವರೆಗೆ ಬರುತ್ತವೆ, ಮೊದಲು ಹೆದ್ದಾರಿ ಪಕ್ಕದಲ್ಲೇ ಮಾಲು ಇಳಿಸಿ ಸಣ್ಣ ಗಾಡಿಗೆ ತುಂಬಬೇಕಿತ್ತು. ಫೀಡರ್ ಬಂತು, ಫೌಂಡ್ರಿಯವರು ರಾತ್ರಿ ಪಾಳಿ ಮತ್ತೆ ಶುರು ಮಾಡಿದ್ದಾರೆ. ಖಾಲಿ ಬಿದ್ದಿದ್ದ ಕೆಲವು ಪ್ಲಾಟುಗಳಲ್ಲಿ ಕಟ್ಟಡ ಏಳುತ್ತಿದೆ. ಚರಂಡಿ ಮಾತ್ರ ಅರ್ಧಕ್ಕೆ ನಿಂತಿದೆ, ನೀರು ಹಳ್ಳಕ್ಕೆ ಸೇರುವ ಕೊನೆಯ ತುಂಡು ಖಾಸಗಿ ಹೊಲದಲ್ಲಿ ಹಾದುಹೋಗಬೇಕು, ಆ ರೈತರಿಗೆ ಸಿಗಬೇಕಾದ ಪರಿಹಾರ ಇನ್ನೂ ತೀರ್ಮಾನ ಆಗಿಲ್ಲ. ಅವರಿಗೆ ನ್ಯಾಯವಾದ ಬೆಲೆ ಕೊಡಿ ಅಂತ ಈ ಸಲದ ಮನವಿಯಲ್ಲಿ ಸಂಘವೇ ಬರೆಯುತ್ತಿದೆ. ಅದರ ಜತೆ ಹೊರ ಜಿಲ್ಲೆಯಿಂದ ಬರುವ ಕೆಲಸಗಾರರಿಗೆ ವಸತಿ, ಐಟಿಐಯಲ್ಲಿ ಫೌಂಡ್ರಿ ತರಬೇತಿ. ಫಾರಂಗಳನ್ನು ಮತ್ತೆ ಹಂಚಿದ್ದೇವೆ, ಅರ್ಧದಷ್ಟು ವಾಪಸ್ ಬಂದಿವೆ.