ಗಾಳಿ ಹಿಡಿಯುತ್ತಿದ್ದ ನನ್ನ ಹಳೇ ಟಾಟಾ: ತಪ್ಪು ಪಂಪಿನದಾಗಿರಲಿಲ್ಲ

ಗಾಡಿ 1997ರ ಟಾಟಾ ಲಾರಿ. ಆರು ಸಿಲಿಂಡರ್, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವುದು ಮೈಕೋ ಇನ್‌ಲೈನ್ ಪಂಪು. ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಬದಲಾಯಿತು, ಆದರೆ ಮಂಡ್ಯದ ಗ್ಯಾರೇಜುಗಳಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಸೀಸನ್‌ನಲ್ಲಿ ಪಾಂಡವಪುರದ ಕಡೆ ಕಬ್ಬು ಹೊಡೆಯುತ್ತೇನೆ. ಉಳಿದ ದಿನ ಬೆಲ್ಲ, ಜಲ್ಲಿ, ಸಿಕ್ಕಿದ್ದು. ಒಂದೂವರೆ ವರ್ಷ ಈ ಗಾಡಿ ನನ್ನ ನಿದ್ದೆ ಕೆಡಿಸಿತ್ತು. ಈಗ ಎಂಟು ತಿಂಗಳಾಯಿತು, ಒಂದು ಸಲವೂ ದಾರಿಯಲ್ಲಿ ನಿಂತಿಲ್ಲ. "ಹಳೇ ಗಾಡಿ, ಗುಜರಿಗೆ ಹಾಕಣ್ಣ" ಅಂದವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ.

ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ಖಾಲಿ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಲೋಡ್ ಹಾಕಿ ಹತ್ತು ಹದಿನೈದು ಕಿಲೋಮೀಟರ್ ಹೋದರೆ ಪಿಕಪ್ ಬಿದ್ದುಹೋಗಿ, ಜರ್ಕ್ ಹೊಡೆದು ಆಫ್. ಕೆಳಗಿಳಿದು, ಕೈಯಲ್ಲಿ ಡೀಸೆಲ್ ಏರಿಸುವ ಹ್ಯಾಂಡ್ ಪ್ರೈಮರ್ ಒಂದು ನಲವತ್ತು ಸಲ ಒತ್ತಿ, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿದರೆ ಗಾಳಿ ಬೆರೆತು ನೊರೆ ನೊರೆಯಾಗಿ ಡೀಸೆಲ್ ಬರುತ್ತಿತ್ತು. ಮತ್ತೆ ಸ್ಟಾರ್ಟ್, ಮತ್ತೆ ಅಷ್ಟೇ ದೂರ. ಒಂದು ಸಲ ವಿ.ಸಿ. ನಾಲೆ ಏರಿ ಮೇಲೆ ಕಬ್ಬಿನ ಲೋಡ್ ಸಮೇತ ನಿಂತುಬಿಟ್ಟಿತು. ಹಿಂದೆ ಟ್ರ್ಯಾಕ್ಟರುಗಳ ಸಾಲು. ಆ ದಿನ ಕೇಳಿದ ಮಾತುಗಳನ್ನು ನಾನು ಮರೆತಿಲ್ಲ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಎರಡೂ ಫಿಲ್ಟರ್ ನಾಲ್ಕು ಸಲ ಬದಲಿಸಿದ್ದು, ಸುಮಾರು ಮೂರು ಸಾವಿರ. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪಿಗೆ ಮೊದಲು ರಿಪೇರಿ ಕಿಟ್, ಆಮೇಲೆ ಪೂರ್ತಿ ಹೊಸದು, ಸೇರಿ ಮೂರೂವರೆ ಸಾವಿರ. ಪೈಪು ಜೋಡಿಸುವ ಎಲ್ಲಾ ಬ್ಯಾಂಜೋ ಬೋಲ್ಟಿಗೂ ಹೊಸ ತಾಮ್ರದ ವಾಷರ್. ಕೊನೆಗೆ ಎಲ್ಲರೂ ಒಂದೇ ಮಾತು: "ಪಂಪೇ ಹೋಗೈತೆ ಕಣಣ್ಣ, ಬಿಚ್ಚಿ ಕ್ಯಾಲಿಬ್ರೇಶನ್‌ಗೆ ಕೊಡು." ಕೊಟ್ಟೆ. ಎಲಿಮೆಂಟು, ಡೆಲಿವರಿ ವಾಲ್ವು, ನಾಜಲ್ ಅಂತ ಬಿಡಿಭಾಗ ಎಲ್ಲಾ ಸೇರಿ ಹದಿನೆಂಟು ಸಾವಿರದ ಹತ್ತಿರ ಆಯಿತು. ಗಾಡಿ ಕಟ್ಟಿ ಆಚೆ ಬಂದ ಮೂರನೇ ದಿನ ಅದೇ ಕಥೆ.

ಮಧ್ಯೆ ನನ್ನ ಪ್ರಯೋಗಗಳೂ ನಡೆದಿದ್ದವು. ಪಂಪಿಗೆ ಜಿಡ್ಡು ಸಾಲುತ್ತಿಲ್ಲವೇನೋ ಅಂತ ಡೀಸೆಲ್ಲಿಗೆ ಎರಡು ಲೀಟರ್ ಹೊಂಗೆ ಎಣ್ಣೆ ಬೆರೆಸಿ ನೋಡಿದೆ. ಸದ್ದು ಸ್ವಲ್ಪ ಮೆತ್ತಗಾಯಿತು, ನಿಲ್ಲುವುದು ನಿಲ್ಲಲಿಲ್ಲ, ಫಿಲ್ಟರ್ ಬೇಗ ಕಟ್ಟಿಕೊಂಡಿತು. ಕಾರಿನ ಹಳೇ ಎಲೆಕ್ಟ್ರಿಕ್ ಪಂಪನ್ನು ಲೈನಿನ ಮಧ್ಯೆ ಕೂರಿಸಿದೆ. ಅದರಿಂದ ನಿಲ್ಲುವುದು ಕಡಿಮೆಯಾಯಿತು, ಆದರೆ ಒಂದು ತಿಂಗಳಿಗೆ ಅದೂ ಸುಟ್ಟುಹೋಯಿತು.

ದಾರಿ ತೋರಿಸಿದ್ದು ನನ್ನ ಹೆಂಡತಿ. ಡೀಸೆಲ್, ಟ್ರಿಪ್ಪು, ರಿಪೇರಿ ಲೆಕ್ಕ ಬರೆಯುವವಳು ಅವಳೇ. ಒಂದು ರಾತ್ರಿ ಪುಸ್ತಕ ತಿರುವಿ ಹಾಕುತ್ತಾ, "ಟ್ಯಾಂಕ್ ತುಂಬ್ಸಿದ ದಿನ ಒಂದಿನಾನೂ ನಿಂತಿಲ್ವಲ್ಲ ಕಣ್ರೀ" ಅಂದಳು. ನಾನೂ ಕೂತು ನೋಡಿದೆ. ನಿಂತಿದ್ದೆಲ್ಲಾ ಡೀಸೆಲ್ ಹಾಕಿಸಿದ ಎರಡು ಮೂರು ದಿನದ ಮೇಲೆ, ಅಂದರೆ ಅರ್ಧ ಟ್ಯಾಂಕಿಗಿಂತ ಕೆಳಗೆ. ಪಂಪು ಕೆಟ್ಟಿದ್ದರೆ ಅದಕ್ಕೆ ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮಾರನೇ ದಿನ ಇಪ್ಪತ್ತು ಲೀಟರಿನ ಕ್ಯಾನನ್ನು ಕ್ಯಾಬಿನ್ ಹಿಂದೆ ಎತ್ತರದಲ್ಲಿ ಕಟ್ಟಿದೆ. ಅಲ್ಲಿಂದ ಪೈಪು ನೇರವಾಗಿ ಫೀಡ್ ಪಂಪಿಗೆ. ಉಳಿದ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟೆ. ಇದನ್ನು ಮರೆತರೆ ಕ್ಯಾನಿನ ಡೀಸೆಲ್ ಸುಮ್ನೆ ಟ್ಯಾಂಕಿಗೆ ಹೋಗುತ್ತಿರುತ್ತದೆ. ಲೋಡ್ ಹಾಕಿಕೊಂಡೇ ಪಾಂಡವಪುರದಿಂದ ಮಂಡ್ಯಕ್ಕೆ ಬಂದೆ. ಒಂದು ಜರ್ಕೂ ಇಲ್ಲ. ಪಂಪು, ಫೀಡ್ ಪಂಪು, ಫಿಲ್ಟರ್ ಎಲ್ಲಾ ಸರಿ ಇದೆ ಅಂತ ಒಂದು ಗಂಟೆಯಲ್ಲಿ ಗೊತ್ತಾಯಿತು. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಸುರಿದ ಮೇಲೆ ಈ ಕ್ಯಾನು ಕಟ್ಟಿದೆನಲ್ಲ ಅಂತ ಹೊಟ್ಟೆ ಉರಿಯಿತು.

ಕ್ಯಾನ್ ಬಿಚ್ಚಿ, ಟ್ಯಾಂಕಿನಿಂದ ಡೀಸೆಲ್ ಹೊರಡುವ ಬಾಯಿಗೇ ಒಳಗೆ ಕಾಣುವ ಪ್ಲಾಸ್ಟಿಕ್ ಪೈಪ್ ಒಂದು ಅಡಿ ಹಾಕಿದೆ. ಅಲ್ಲೇ ಗುಳ್ಳೆ ಓಡುತ್ತಿತ್ತು. ಈ ಪೈಪ್ ಪರೀಕ್ಷೆಗೆ ಮಾತ್ರ, ಹಾಗೇ ಬಿಟ್ಟರೆ ಡೀಸೆಲ್ಲಿಗೆ ಗಟ್ಟಿಯಾಗಿ ಸೀಳುತ್ತದೆ. ಪೈಪು ಕೂಡಿಸುವ ಯೂನಿಯನ್ ಬದಲಿಸಿದೆ, ಗುಳ್ಳೆ ಹೋಗಲಿಲ್ಲ. ಸೈಕಲ್ ಪಂಪಿನಿಂದ ಟ್ಯಾಂಕಿಗೆ ಮೆಲ್ಲಗೆ ಗಾಳಿ ಹಾಕಿ ಸೋಪಿನ ನೊರೆ ಬಳಿದು ನೋಡಿದೆ, ಹೊರಗೆ ಒಂದು ಗುಳ್ಳೆಯೂ ಇಲ್ಲ. "ಲೀಕೇ ಇಲ್ವಲ್ಲಣ್ಣ, ಇನ್ನೇನ್ ಹುಡುಕ್ತೀಯ" ಅಂದ ಮೇಸ್ತ್ರಿ. ಹೊರಗೆ ಹೇಗೆ ಕಾಣುತ್ತದೆ, ಲೀಕ್ ಇದ್ದದ್ದು ಟ್ಯಾಂಕಿನ ಒಳಗೆ.

ಡೀಸೆಲ್ ಎಳೆಯುವ ಒಳಗಿನ ಪೈಪನ್ನು ಈಚೆ ತೆಗೆದೆ. ಕಣ್ಣಿಗೆ ಏನೂ ಕಾಣಲಿಲ್ಲ. ಕೆಳಗಿನ ಬಾಯಿ ಹೆಬ್ಬೆರಳಲ್ಲಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿದಾಗ, ಮೇಲಿನಿಂದ ಒಂದು ಗೇಣು ಕೆಳಗೆ ಕ್ಲಾಂಪು ಕೂರುವ ಜಾಗದಲ್ಲಿ ಕೂದಲೆಳೆಯಂಥ ಸೀಳಿನಿಂದ ಗುಳ್ಳೆ ಬಂತು. ಕ್ಲಾಂಪು ವರ್ಷಗಟ್ಟಲೆ ಉಜ್ಜಿ ಉಜ್ಜಿ ಆದ ಸೀಳು. ಡೀಸೆಲ್ ಅದರ ಮೇಲಿದ್ದರೆ ಸೀಳೂ ಡೀಸೆಲ್ಲನ್ನೇ ಎಳೆಯುತ್ತದೆ, ಕೆಳಗಿಳಿದರೆ ಗಾಳಿ. ಖಾಲಿ ಗಾಡಿಯಲ್ಲಿ ಎಳೆತ ಕಡಿಮೆ, ಬರುವ ಸ್ವಲ್ಪ ಗಾಳಿ ರಿಟರ್ನ್‌ನಲ್ಲಿ ಹೊರಟುಹೋಗುತ್ತದೆ. ಲೋಡಿನಲ್ಲಿ ಎಳೆತ ಜಾಸ್ತಿ, ಅಷ್ಟು ಗಾಳಿ ಹೊರಹಾಕಲು ರಿಟರ್ನ್ ಸಾಲುವುದಿಲ್ಲ.

ಹಳೇ ಪೈಪಿಗೆ ಬೆಸುಗೆ ಹಾಕಿಸಲಿಲ್ಲ, ಹೊಸ ಉಕ್ಕಿನ ಪೈಪನ್ನೇ ಮಾಡಿಸಿದೆ. ತಳದಿಂದ ಒಂದು ಇಂಚು ಮೇಲೆ ನಿಲ್ಲಿಸಿದೆ, ಕೆಳಗಿನ ಕೆಸರು ಎಳೆಯಬಾರದಲ್ವಾ. ಒಟ್ಟು ಖರ್ಚು ನಾನೂರೈವತ್ತು ರೂಪಾಯಿ. ಕ್ಲಾಂಪು ಮತ್ತೆ ಉಜ್ಜದಂತೆ ಮಧ್ಯೆ ಏನು ಸುತ್ತಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಈಗ ಅದೇ ಕೆಲಸಕ್ಕೆ ಬೇರೆಯವರೂ ನನ್ನ ಹತ್ತಿರ ಬರುತ್ತಾರೆ. ಆಮೇಲೆ ಕಾಲು ಟ್ಯಾಂಕಿನಲ್ಲೇ ಜಲ್ಲಿ ತುಂಬಿಕೊಂಡು ಜಕ್ಕನಹಳ್ಳಿ ಮೇಲೆ ಮೇಲುಕೋಟೆ ಹತ್ತಿಸಿದೆ. ಎಲ್ಲೂ ನಿಲ್ಲಲಿಲ್ಲ.

ಹೋದ ತಿಂಗಳು ಮದ್ದೂರಿನ ಕಡೆಯವರೊಬ್ಬರ ಲಾರಿಯೂ ಹೀಗೇ ನಿಲ್ಲುತ್ತಿತ್ತು. ಪೈಪಿರಬೇಕು ಅಂತ ಹೋದೆ. ಟ್ಯಾಂಕಿನ ಮುಚ್ಚಳ ತೆಗೆದ ಕೂಡಲೇ ಬುಸ್ ಅಂತ ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಗಾಳಿತೂತು ಮಣ್ಣು ಹಿಡಿದು ಮುಚ್ಚಿಹೋಗಿತ್ತು, ಟ್ಯಾಂಕಿಗೆ ಗಾಳಿ ಹೋಗದೆ ಡೀಸೆಲ್ ಬರುತ್ತಿರಲಿಲ್ಲ. ತಂತಿ ಹಾಕಿ ಬಿಡಿಸಿದೆವು, ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಅವರು ಪಂಪು ಬಿಚ್ಚುವುದಕ್ಕೆ ಐದು ಸಾವಿರ ಅಡ್ವಾನ್ಸ್ ಕೊಟ್ಟಾಗಿತ್ತು.